ಬೇಕೆಂದೇ ತಪ್ಪುವ ಮೇಷ್ಟ್ರು

ಬನ್ನೂರು ಕಡೆಯ ಹೈಸ್ಕೂಲೊಂದರ ಗಣಿತದ ಮೇಷ್ಟ್ರು ಸಿದ್ದಮಾದಯ್ಯನವರು ಒಂಬತ್ತನೇ ತರಗತಿಯನ್ನು ಎಚ್ಚರವಾಗಿಡಲು ಹಾಡಿ ನೋಡಿದರು, ಚಪ್ಪಾಳೆ ತಟ್ಟಿಸಿ ನೋಡಿದರು. ಹಿಂದಿನ ಬೆಂಚು ಮಾತ್ರ ಕಿಟಕಿಯಾಚೆಯ ಕಬ್ಬಿನ ಲಾರಿಗಳನ್ನೇ ನೋಡುತ್ತಿತ್ತು. ಕಡೆಗೆ ಬೋರ್ಡಿನ ಮೇಲೆ ಬೇಕೆಂದೇ ತಪ್ಪು ಲೆಕ್ಕ ಮಾಡತೊಡಗಿದರು. "ಸಾ, ತಪ್ಪು!" ಎಂದು ಮಕ್ಕಳು ಎದ್ದು ಕೂಗಿದರೆ ಹಣೆ ಚಚ್ಚಿಕೊಂಡು, "ನನ್ ತಲೇಲಿ ಬರೀ ಜೇಡಿಮಣ್ಣು ಕಣ್ರಲಾ" ಎನ್ನುವರು, ಸ್ಟಾಫ್ ರೂಮಿಗೆ ಬಂದು ತಮ್ಮ ಉಪಾಯವನ್ನು ತಾವೇ ಹೊಗಳಿಕೊಳ್ಳುವರು. ಮೊನ್ನೆ, ವರ್ಷವಿಡೀ ಬಾಯಿಬಿಡದ ಇಂದ್ರಾಣಿ ಹಿಂದಿನ ಬೆಂಚಿನಿಂದ ಎದ್ದು ಬಂದು ಲೆಕ್ಕ ತಿದ್ದಿ, ಬೇರೆ ಯಾರಿಗೂ ಕೇಳದಂತೆ ಹೇಳಿದಳು: "ಬೇಜಾರ್ ಮಾಡ್ಕಬೇಡಿ ಸಾ, ನಂಗೂ ಇಂಗೇ ತಪ್ಪೋಯ್ತದೆ." ಹಣೆಗೆಂದು ಎತ್ತಿದ ಮೇಷ್ಟ್ರ ಕೈ ಅರ್ಧದಲ್ಲೇ ನಿಂತಿತು. ಆ ತಪ್ಪನ್ನು ಅವರು ಬೇಕೆಂದು ಮಾಡಿರಲಿಲ್ಲ.