ತುಕ್ಕು ಕಾಯುವ ಆಯಿ

"ಅತ್ತೆ, ಅಜ್ಜಿ ನಂಗೆ ಪ್ಲೇಟು ತೊಳೂಕೇ ಬಿಡೂದಿಲ್ಲ. ನೀ ಒಂದ್ಸಲ ಬಾ."

ಕಳೆದ ಭಾನುವಾರ ಬೆಳಿಗ್ಗೆ ಅಂಕೋಲೆಯಿಂದ ಅಣ್ಣನ ಮಗಳು ನಯನಾಳ ಫೋನು. ಊಟದ ಪ್ಲೇಟಲ್ಲ ಮಾರಾಯರೆ. ಹುಡುಗಿ ಮೆಟೀರಿಯಲ್ಸ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ರಜೆಯಲ್ಲಿ ಸಮ್ಮರ್ ರಿಸರ್ಚ್. ಉಪ್ಪುನೀರು ಉಕ್ಕನ್ನು ಎಷ್ಟು ತಿನ್ನುತ್ತದೆ ಎಂದು ನೋಡಲು ಅಂಗೈಯಗಲದ ಪ್ಲೇಟುಗಳನ್ನು ಹಗ್ಗಕ್ಕೆ ಕಟ್ಟಿ ನಮ್ಮೂರ ಸಮುದ್ರಕ್ಕೆ ಇಳಿಬಿಟ್ಟಿದ್ದಳು. ಅವತ್ತು ಮೇಲೆತ್ತಿದ್ದಾಳೆ. ಕೂಡಲೇ ತುಕ್ಕು ತೆಗೆದು ತೂಕ ನೋಡಬೇಕು. ತಡವಾದರೆ ಗಾಳಿಗೇ ಮತ್ತಷ್ಟು ತುಕ್ಕು ಹಿಡಿದು ಲೆಕ್ಕ ಕೆಡುತ್ತದೆ. ಆದರೆ ನನ್ನ ಆಯಿ, ಅಂದರೆ ಅಮ್ಮ, ಪ್ಲೇಟುಗಳ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಿದ್ದಾಳಂತೆ.

ನಗು ಬಂತು. ಹಿಂದೆಯೇ ನನ್ನದೇ ಒಂದು ಹಳೆಯ ಬೇಸಿಗೆ ನೆನಪಾಯಿತು. ಕಾರವಾರದಿಂದ ಬಸ್ಸು ಹತ್ತಿದೆ.

ನಾನೂ ಒಂದು ಕಾಲದಲ್ಲಿ ಎಂಜಿನಿಯರಿಂಗ್ ಓದಿದವಳು. (ನಂಬಿ!) ನನಗೂ ಒಂದು ಸಮ್ಮರ್ ಪ್ರಾಜೆಕ್ಟ್ ಇತ್ತು. ಆಗ ನಾವು ಅದನ್ನು 'ರಜೆ ಕೆಲಸ' ಎನ್ನುತ್ತಿದ್ದೆವು. ಅಪ್ಪನ ದೋಣಿ ಕಟ್ಟುವ ಕಂಬಕ್ಕೇ ನನ್ನ ಪ್ಲೇಟುಗಳ ಹಗ್ಗ. ಬೆಳಿಗ್ಗೆ ಎದ್ದವಳೇ ಓಡಿಹೋಗಿ ನೋಡುತ್ತಿದ್ದೆ. ಮೊದಲು ಹಳದಿ ಬಣ್ಣ, ಆಮೇಲೆ ಕೆಂಪು, ಮೇಲೆ ಸಣ್ಣ ಸಣ್ಣ ಚಿಪ್ಪು. ತುಕ್ಕು ಹಿಡಿಯುವುದನ್ನು ಅಷ್ಟು ಪ್ರೀತಿಯಿಂದ ಯಾರಾದರೂ ನೋಡಿದ್ದುಂಟೇ? ಆ ಬೇಸಿಗೆಯ ಸುಖ ನನಗೆ ಮತ್ತೆ ಸಿಕ್ಕಿಲ್ಲ.

ನನ್ನ ಪ್ರೊಫೆಸರರಿಗೆ ಬೇಕಾಗಿದ್ದುದು ಆ ತುಕ್ಕೇ. ಅದರ ಪದರಗಳನ್ನು ಅವರು ಪರೀಕ್ಷಿಸಬೇಕಿತ್ತು. ಕೊನೆಯ ದಿನ ಪ್ಲೇಟುಗಳನ್ನು ತಂದು ಅಂಗಳದಲ್ಲಿಟ್ಟು ಸ್ನಾನಕ್ಕೆ ಹೋದೆ.

ಸಮುದ್ರಕ್ಕೆ ಹೋಗಿಬಂದ ಕಬ್ಬಿಣ ತೊಳೆಯದೆ ಹೊಸ್ತಿಲು ದಾಟಬಾರದು. ನಮ್ಮ ಕಡೆ ಮೀನುಗಾರರ ಮನೆಗಳಲ್ಲಿ ಅದು ಹೆಂಗಸರ ಕೆಲಸ. ಲಂಗರಾಗಲಿ, ಕತ್ತಿಯಾಗಲಿ, ಸಿಹಿನೀರು ಕಾಣಿಸಿಯೇ ಒಳಗಿಡಬೇಕು. ಆಯಿ ಮಗಳಿಗೆ ಸಹಾಯವಾಗಲೆಂದು ಹುಳಿ ಮುರುಗಲ ಹಣ್ಣಿನ ಸಿಪ್ಪೆ, ಮರಳು, ತೆಂಗಿನ ನಾರು ಹಾಕಿ ತಿಕ್ಕಿದ್ದಳು. ಸ್ನಾನ ಮುಗಿಸಿ ಬಂದರೆ ಪ್ಲೇಟುಗಳು ಫಳಫಳ!

ಅತ್ತುಬಿಟ್ಟೆ. ಕೂಗಾಡಿದೆ. ಆಯಿ ಅವತ್ತು ಹೇಳಿದ್ದು ಇಷ್ಟೇ: "ಜನ್ಮಪೂರ್ತಿ ತುಕ್ಕು ತಿಕ್ತಾ ಬಂದವ್ಳು ನಾನು. ಅದೇ ಬೇಕಾಗಿತ್ತು ಹೇಳಿ ನಂಗೆ ಹೆಂಗೆ ಗೊತ್ತಾಗ್ಬೇಕು?"

ರಿಪೋರ್ಟು ಅರ್ಧಕ್ಕೇ ನಿಂತಿತು. ನಾನು ವಿಜ್ಞಾನಿಯಾಗದೆ ಹೀಗೆ ವಾರವಾರ ಅಂಕಣ ಬರೆದು ನಿಮ್ಮ ತಲೆ ತಿನ್ನುವುದಕ್ಕೆ ತಾನೇ ಕಾರಣ ಎಂದು ಆಯಿ ಇವತ್ತಿಗೂ ನಂಬಿದ್ದಾಳೆ. (ನನ್ನ ಮಾರ್ಕ್ಸ್ ಕಾರ್ಡು ಅವಳು ನೋಡಿಲ್ಲ.)

ಮನೆ ತಲುಪಿದಾಗ ಬುಟ್ಟಿ ಇನ್ನೂ ಮಡಿಲಲ್ಲೇ ಇತ್ತು. ನಯನಾ ಬ್ರಷ್ಷು, ಲ್ಯಾಬಿನ ಬಾಟಲಿ ಹಿಡಿದು ಅಳುವುದೊಂದೇ ಬಾಕಿ. ಆಯಿ ನನ್ನತ್ತ ನೋಡಿ, "ಒಬ್ಳದ್ದು ಹಾಳು ಮಾಡಿದ್ದು ಸಾಕು. ಇವ್ಳದ್ದು ನಾ ಕಾಯ್ತೆ" ಅಂದಳು.

ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದೆ. ಕಾಲ ಬದಲಾಗಿದೆ, ಇವಳ ಪ್ರಯೋಗ ಬೇರೆ, ಇದರಲ್ಲಿ ತುಕ್ಕು ಪೂರ್ತಿ ತೆಗೆಯಲೇಬೇಕು ಎಂದೆ. ಆಯಿ ಬುಟ್ಟಿಯೊಳಗಿನ ಪ್ಲೇಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಬುಟ್ಟಿಯನ್ನು ಮೊಮ್ಮಗಳ ಕೈಗೆ ಕೊಟ್ಟಳು.

"ಹಂಗಾರೆ ಅವತ್ತು ನಾ ತಿಕ್ಕಿದ್ದು ಸರೀನೇ ಇತ್ತಾ?"

ನಯನಾ ಬಾಯಿ ತೆರೆದಳು. ಮರಳಲ್ಲಿ ತಿಕ್ಕಿದರೆ ತುಕ್ಕಿನ ಜೊತೆ ಉಕ್ಕೂ ಸವೆದು ಈ ಪ್ರಯೋಗದ ಲೆಕ್ಕವೂ ಕೆಡುತ್ತದೆ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳ ಕೈ ಅದುಮಿದೆ.

"ಹೌದು ಆಯಿ, ಸರೀನೇ ಇತ್ತು."

ಇಷ್ಟೊಂದು ಸತ್ಯ ಕಂಡುಹಿಡಿದಿರುವ ವಿಜ್ಞಾನ, ಈ ಒಂದು ಸುಳ್ಳನ್ನು ಹೊಟ್ಟೆಗೆ ಹಾಕಿಕೊಳ್ಳಲಾರದೇ?