ಕುಂಕುಮ ಹಚ್ಚಿದ ಶಾಯಿ ಬಾಟಲಿ

ಶಾಯಿ ಬಾಟಲಿಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನಲು ಮೊಬೈಲಿನಲ್ಲಿ ಮಾರಿದವರು ಕೊಟ್ಟ ಕಾರಣ ನೆನೆದರೆ ಈಗಲೂ ಮೈ ಉರಿಯುತ್ತದೆ. ಡಬ್ಬಿಯ ಮೇಲೆ ‘ಕೆಂಪು ಕಲೆ’ ಇದೆಯಂತೆ! ಅದು ಕಲೆಯಲ್ಲ, ಕುಂಕುಮ. ನಮ್ಮ ಮನೆಗೆ ಹೊಸದಾಗಿ ಮಿಕ್ಸರೇ ಬರಲಿ, ಮಗಳ ಕಾಲೇಜಿನ ಚೀಲವೇ ಬರಲಿ, ಮೊದಲು ದೇವರ ಮುಂದಿಟ್ಟು ಕುಂಕುಮ ಹಚ್ಚಿಯೇ ಬಳಸುವುದು. ಶಾಯಿಗೂ ಹಾಗೇ ಮಾಡಿದೆ.

ಅದನ್ನು ತರಿಸಿದ್ದು ರಾಮನಾಮ ಬರೆಯಲು. ನನ್ನ ಗಂಡ ಲಾರಿ ಓಡಿಸುತ್ತಾರೆ. ಹೋದ ಮಳೆಗಾಲದಲ್ಲಿ ಕುಮಟಾ ದಾರಿಯಲ್ಲಿ ಲಾರಿ ಮಗುಚಿತು. ಇವರು ಎಡಗೈ ಒಂದು ಮುರಿದುಕೊಂಡು ತಾವೇ ನಡೆದು ಹೊರಗೆ ಬಂದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಲಕ್ಷ ರಾಮನಾಮ ಬರೆಯುವ ಹರಕೆ ಹೊತ್ತೆ. ಬರೆದ ಪುಸ್ತಕಗಳನ್ನು ಇಲ್ಲೇ ಮಾವಳ್ಳಿಯ ಭಜನಾ ಮಂದಿರದಲ್ಲಿ, ಹೊಸ ಪೀಠದ ಅಡಿಯಲ್ಲಿ ಇಡುತ್ತಾರೆ. ಕಡಲ ಬದಿಯ ತೇವ ಕಾಗದವನ್ನು ಬಿಡುವುದಿಲ್ಲ, ನೀರಿಗೆ ಅಳಿಯದ ಹಾಗೆ ಬರೆಯಿರಿ ಎಂದು ಹಿರಿಯರು ಮೊದಲೇ ಹೇಳಿದ್ದರು. ಬಾಲ್ ಪೆನ್ನಾದರೆ ಒತ್ತಿ ಬರೆಯಬೇಕು, ಲಕ್ಷ ಹೆಸರಿಗೆ ನನ್ನ ಬೆರಳು ತಡೆಯುವುದಿಲ್ಲ. ಅದಕ್ಕೇ ಇಂಕ್ ಪೆನ್ನು. ಮೊದಲ ಬಾಟಲಿ ಹೊನ್ನಾವರ ಪೇಟೆಯ ಅಂಗಡಿಯದು. ಅದು ತೀರುವ ಹೊತ್ತಿಗೆ ಅಂಗಡಿಯಲ್ಲೂ ತೀರಿತ್ತು. ಮಗಳು ಅದೇ ಹೆಸರಿನ, ಅಳಿಯದ ಕಪ್ಪುನೀಲಿ ಶಾಯಿಯನ್ನೇ ಮೊಬೈಲಿನಲ್ಲಿ ತರಿಸಿದಳು.

ಅದರಲ್ಲಿ ಹನ್ನೊಂದು ಪುಟ ಬರೆದಿದ್ದೆ. ಹನ್ನೆರಡನೆಯದಕ್ಕೆ ಮಿಂದು ಬಂದು ಕೂತಾಗ ಹಿಂದಿನ ಪುಟದ ಮೇಲೆ ಕೂದಲಿನಿಂದ ಒಂದು ಹನಿ ಬಿತ್ತು. ಸೆರಗಿನಿಂದ ಒತ್ತಿದೆ. ರಾಮ ಸೆರಗಿಗೆ ಬಂದ, ಪುಟದಲ್ಲಿ ಉಳಿಯಲಿಲ್ಲ.

ಹಳೆಯ ಪುಸ್ತಕ ತೆಗೆದು ಅದರ ಮೂಲೆಗೂ ನೀರು ಮುಟ್ಟಿಸಿದೆ. ನೀಲಿ ಸ್ವಲ್ಪ ಹರಡಿತು, ಕಪ್ಪು ಗೆರೆ ಅಲುಗಲಿಲ್ಲ. ಮಗಳು ಬಾಟಲಿ, ಡಬ್ಬಿಗಳ ಫೋಟೋ ತೆಗೆದು, ವಾಪಸ್ ತೆಗೆದುಕೊಳ್ಳಿ ಎಂದು ಮಾರಿದವರಿಗೆ ಕಳಿಸಿದಳು. ನಾನು ಹಳೆಯ ಖಾಲಿ ಬಾಟಲಿ, ಹೊಸ ಬಾಟಲಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊನ್ನಾವರದ ಬಸ್ಸು ಹತ್ತಿದೆ.

ಅಂಗಡಿಯವರು ಎರಡನ್ನೂ ಅಕ್ಕಪಕ್ಕ ಇಟ್ಟು ಕನ್ನಡಕ ಏರಿಸಿದರು. ಹಳೆಯದರ ಮುಚ್ಚಳದಲ್ಲಿ ಕಂಪನಿಯ ಹೆಸರು ಅಚ್ಚೊತ್ತಿ ಬೆರಳಿಗೆ ಸಿಗುತ್ತಿತ್ತು, ಹೊಸದು ನುಣ್ಣಗೆ. ಚೀಟಿ ಓರೆ. ತಯಾರಿಸಿದ ತಿಂಗಳನ್ನು ಬೇರೆ ಕಾಗದದಲ್ಲಿ ಅಂಟಿಸಿದ್ದರು. ಕೊನೆಗೆ ಬೆಂಕಿಕಡ್ಡಿಯನ್ನು ಹೊಸ ಶಾಯಿಯಲ್ಲಿ ಅದ್ದಿ ಗೀಟೆಳೆದು, ಫ್ಯಾನಿಗೆ ಒಣಗಿಸಿ, ಕುಡಿಯುವ ನೀರು ಚಿಮುಕಿಸಿದರು. ಗೀಟು ತೊಳೆದು ಹೋಯಿತು.

“ಬಟ್ಟೆಗೆ ಹಾಕೂ ನೀಲಿ ಇದು ಅಕ್ಕಾ. ತರ್ಸೂಕೆ ಮುಂಚೆ ನನ್ನ ಕೇಳೂಕೆ ಎಂತ ಆಗಿತ್ತು?”

“ನಿಮ್ಮಲ್ಲಿ ಇರ್ಲಿಲ್ವಲ್ಲ.”

“ಇಲ್ದಿದ್ರೂ ಕೇಳೂಕೆ ಅಡ್ಡಿಲ್ಲ!” ಎಂದು ಬೈದು, ತಾವು ಬಿಲ್ಲು ಬರೆಯಲು ಇಟ್ಟುಕೊಂಡಿದ್ದ ಅರ್ಧ ಬಾಟಲಿಯನ್ನು ನನ್ನ ಚೀಲಕ್ಕೆ ಹಾಕಿದರು. ಆ ದಿನ ನನಗೆ ಸಿಕ್ಕ ಪುಣ್ಯ ಅದು.

ಮನೆಗೆ ಬಂದಾಗ ಕೆಂಪು ಕಲೆಯ ಉತ್ತರ ಬಂದು ಕೂತಿತ್ತು. ಮಗಳು ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು.

“ಆಯಿ, ಕುಂಕುಮ ಒರಸಿ ಬೇರೆ ಫೋಟೋ ತೆಗಿತೆ. ತೆರೆದೇ ಇಲ್ಲ ಅಂತ ಬರೆಯುವ.”

“ರಾಮನ ಹೆಸ್ರು ಬರೆಯೂಕೆ ತಂದದ್ದಕ್ಕೆ ಸುಳ್ಳು ಹೇಳೂದನೇ?”

“ಅವ್ರು ಹೇಳಲಿಲ್ವಾ?”

“ಅವ್ರು ಹರಕೆ ಹೊತ್ತಿಲ್ಲ.”

ಇವರು ಜಗಲಿಯಿಂದಲೇ, “ಬರ್ದದ್ದು ದೇವ್ರಿಗೆ ಮುಟ್ಟಿದೆ, ಬಿಡೇ. ಅವ ಎಂತ ಕನ್ನಡಕ ಹಾಕ್ಕೊಂಡು ಎಣಿಸ್ತಾನ?” ಎಂದರು.

“ನೀವು ಲಾರಿಯಿಂದ ಅರ್ಧ ಹೊರಗೆ ಬಂದಿದ್ರೆ ಸಾಕಿತ್ತಾ?”



ಮೋಸ ಮಾಡಿದವನ ಮುಖ ನೋಡಿಲ್ಲ. ನೋಡಿದ್ದರೆ ಎದುರು ಕೂರಿಸಿ ಆ ಹನ್ನೊಂದು ಪುಟವನ್ನೂ ಅವನ ಕೈಯಿಂದಲೇ ಬರೆಸುತ್ತಿದ್ದೆ. ಪೆನ್ನನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಮೂರು ಸಲ ತೊಳೆದೆ. ನಿಬ್ಬು ಕೆಟ್ಟಿರಲಿಲ್ಲ. ಕೆಟ್ಟದ್ದು ಹನ್ನೊಂದೇ ಪುಟ, ನೂರಾ ಹನ್ನೊಂದಲ್ಲ. ಅಷ್ಟಾದರೂ ಉಳಿಸಿದನಲ್ಲ ದೇವರು. ಅಂಗಡಿಯವರ ಶಾಯಿಯಲ್ಲಿ ಎಲ್ಲವನ್ನೂ ಮತ್ತೆ ಬರೆದೆ.

ಆ ಬಾಟಲಿಯನ್ನು ಬಿಸಾಡಲೂ ಆಗುವುದಿಲ್ಲ, ಕುಂಕುಮ ಹಚ್ಚಿದ ಡಬ್ಬಿಯ ಸಮೇತ ದೇವರ ಮಾಡದಲ್ಲೇ ಇದೆ. ದೀಪ ಹಚ್ಚುವಾಗ ಕಣ್ಣಿಗೆ ಬಿದ್ದರೆ ಸಿಟ್ಟು ನೆತ್ತಿಗೇರುತ್ತದೆ. ದೇವರೇ ಕ್ಷಮಿಸು ಎಂದು ಪುಸ್ತಕ ಬಿಚ್ಚುತ್ತೇನೆ. ಈಗ ಪ್ರತಿ ಪುಟದ ಮೂಲೆಯಲ್ಲಿ ಮೊದಲು ಒಂದು ಗೀಟು ಎಳೆದು, ಒಣಗಲು ಬಿಟ್ಟು, ತೀರ್ಥದ ಚಮಚದಿಂದ ಒಂದು ಹನಿ ಹಾಕಿ ನೋಡುತ್ತೇನೆ. ಗೀಟು ನಿಂತರೆ ಮಾತ್ರ ರಾಮ ಎಂದು ಬರೆಯುತ್ತೇನೆ.