ಸೊಪ್ಪು ಮಿಕ್ಕಿದೆ ಎನ್ನುವ ಗಂಗುಲಪ್ಪ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಯಲ್ದೂರಿನಾಚೆಯ ಹಿಪ್ಪುನೇರಳೆ ತೋಟದಲ್ಲಿ ಗಂಗುಲಪ್ಪನ ಕೈ ಸರಸರನೆ ಓಡುತ್ತಿದೆ. ಎಂಬತ್ತಮೂರನೇ ಇಸವಿಯ ಮಾಗಿ ಚಳಿಗೆ ಬೆರಳು ಮರಗಟ್ಟಿವೆ, ಬಿಸಿಯುಸಿರು ಊದಿಕೊಳ್ಳಲೂ ಪುರುಸೊತ್ತಿಲ್ಲ. ಕುಯ್ದ ಸೊಪ್ಪನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಸೈಕಲ್ಲಿನ ಕ್ಯಾರಿಯರ್‌ಗೆ ಬಿಗಿಯುತ್ತಾನೆ. ಬಿಸಿಲು ಬಲಿಯುವುದರೊಳಗೆ ತಲುಪದಿದ್ದರೆ ಸೊಪ್ಪು ಬಾಡುತ್ತದೆ, ಬಾಡಿದ್ದನ್ನು ರೇಷ್ಮೆಹುಳ ಮೂಸಿಯೂ ನೋಡುವುದಿಲ್ಲ. "ಹುಳಕ್ಕಿರೋ ಗತ್ತು ಸಾಹುಕಾರ್ರಿಗೂ ಇಲ್ಲ ಸ್ವಾಮಿ," ಎನ್ನುತ್ತ ಪೆಡಲ್ ತುಳಿಯುತ್ತಾನೆ.

ಐವತ್ತು ದಾಟಿದ ಗಂಗುಲಪ್ಪನಿಗೆ ಅಂಗೈಯಗಲ ಜಮೀನೂ ಇಲ್ಲ. ದೊಡ್ಡ ತೋಟಗಳಲ್ಲಿ ಸೊಪ್ಪು ಕುಯ್ದು ಹುಳ ಸಾಕುವ ಮನೆಗಳಿಗೆ ಮುಟ್ಟಿಸುವುದೇ ಕಸುಬು. ದಿನಕ್ಕೆ ಏಳೆಂಟು ಹೊರೆ. ಅದರಲ್ಲೊಂದು ಅವನ ಕೂಲಿ, ಮಾರಿಕೊಂಡರೆ ಅವತ್ತಿನ ರಾಗಿ. ಆದರೆ ಆ ಹೊರೆ ಎಷ್ಟೋ ದಿನ ಯಾರದೋ ಜಗಲಿಯ ಮೇಲೆ ಇಳಿದುಬಿಡುತ್ತದೆ. "ಏನಮ್ಮಾ, ಸೊಪ್ಪು ಮಿಕ್ಕೋಯ್ತು. ವಾಪಸ್ ಹೊರೋಕೆ ಆಗ್ತಿಲ್ಲ. ನಿಮ್ಮ ಹುಳಕ್ಕೆ ಹಾಕ್ಕೊಂಡು ನನ್ನ ಭಾರ ಇಳಿಸಿ ಪುಣ್ಯ ಕಟ್ಕೊಳಿ, ಗೂಡು ಮಾರಿದ್ಮೇಲೆ ನೋಡ್ಕೊಳ್ಳಾಣ," ಎನ್ನುತ್ತಾನೆ. ಮಿಕ್ಕಿತು ಎನ್ನುವುದು ಶುದ್ಧ ಸುಳ್ಳು. ಕೇಳುವ ಕಷ್ಟವನ್ನು ಅವರ ತಲೆಯಿಂದ ಇಳಿಸಿ ತನ್ನ ತಲೆಗೆ ಹೊತ್ತುಕೊಳ್ಳುವ ಉಪಾಯ ಅದು.

ಹುಳದ ಮನೆಯ ಸುದ್ದಿ ಹೊರಗೆ ಆಡಬಾರದು, ದೃಷ್ಟಿಯಾಗುತ್ತದೆ ಎಂಬುದು ಈ ಕಡೆಯ ನಂಬಿಕೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರೆ ಮುಗಿಯಿತು, ಹೊರಗಿನವರು ಒಳಗೆ ಕಾಲಿಡುವಂತಿಲ್ಲ, ಹುಳ ಹೇಗಿದೆ ಎಂದು ಕೇಳುವಂತಿಲ್ಲ. ಇಲ್ಲದವರಿಗೆ ಅವಿತುಕೊಳ್ಳಲು ಇದಕ್ಕಿಂತ ಒಳ್ಳೆಯ ಮರೆ ಬೇಕೆ? ಅದಕ್ಕೇ ಗಂಗುಲಪ್ಪ ಬಾಗಿಲ ಬದಲು ತಿಪ್ಪೆ ನೋಡುತ್ತಾನೆ. ಹೊಟ್ಟೆ ತುಂಬಿದ ಹುಳ ಎಲೆಯ ನರ ಬಿಟ್ಟಿರುತ್ತದೆ. ತಿಪ್ಪೆಯಲ್ಲಿ ಬರೀ ಹಿಕ್ಕೆ ಬಿದ್ದಿದ್ದರೆ ಆ ಮನೆಯಲ್ಲಿ ಸೊಪ್ಪು ಸಾಲುತ್ತಿಲ್ಲ ಎಂದರ್ಥ.

"ಕೇಳಿದ್ರೆ ಕೊಡದೇ ಇರ್ತಾರಾ? ಅಡಗನಿದೇ ಅಮ್ಮೈನಾ ಪೆಟ್ಟದು," ಎಂದು ಟೀ ಅಂಗಡಿಯ ಆವಲಪ್ಪ ತೆಲುಗು ಗಾದೆ ಒಗೆಯುತ್ತಾನೆ. ಕೇಳದೆ ಹೆತ್ತಮ್ಮನೂ ಬಡಿಸುವುದಿಲ್ಲವಂತೆ. ಗಂಗುಲಪ್ಪನಿಗೆ ರೇಗುತ್ತದೆ. "ಅಮ್ಮ ಬಡಿಸಿ ಊರೆಲ್ಲ ಹೇಳ್ಕೊಂಡು ಬರಲ್ಲ ಕಣೋ. ಕೊಟ್ಟ ಸೊಪ್ಪನ್ನ ಹುಳ ಒಂದೊತ್ತಿಗೆ ತಿಂದು ಮುಗಿಸ್ತದೆ. ಅವರಾಡಿದ ಮಾತನ್ನ ನಾವು ವರ್ಷಗಟ್ಲೆ ತಿನ್ಬೇಕು."

ಅದು ಅನುಭವದ ಮಾತು. ಒಂದು ಕಾಲಕ್ಕೆ ಅವನೂ ಹೆಂಡತಿ ಮುನಿಯಲ್ಲಮ್ಮನೂ ಗುತ್ತಿಗೆಗೆ ತೋಟ ಹಿಡಿದು ಹುಳ ಸಾಕಿದ್ದರು. ಕೊನೆಯ ದಿನಗಳಲ್ಲಿ ಸೊಪ್ಪು ಮುಗಿಯಿತು. ನೀನು ಹೋಗಿ ಕೇಳು ಎಂದು ಇವನು, ನೀವೇ ಹೋಗಿ ಎಂದು ಅವಳು. ಇಬ್ಬರೂ ಹೊಸಿಲು ದಾಟಲಿಲ್ಲ. ತಟ್ಟೆಗಟ್ಟಲೆ ಹುಳವನ್ನು ಗುಂಡಿ ತೋಡಿ ಮುಚ್ಚಿದರು. "ಅವತ್ತು ಮುನಿಯಲ್ಲಮ್ಮ ಅತ್ತಿದ್ದು ಇನ್ನೂ ಕಿವೀಲಿದೆ," ಎನ್ನುತ್ತಾನೆ.

ಇವತ್ತು ಅವನ ಜೀವ ಒಂದು ಕಡೆ ನಿಲ್ಲುತ್ತಿಲ್ಲ. ಆದಿಲಕ್ಷ್ಮಮ್ಮನ ತಿಪ್ಪೆಯಲ್ಲಿ ಎರಡು ದಿನದಿಂದ ಬರೀ ಹಿಕ್ಕೆ. ಗಂಡ ತೀರಿಕೊಂಡ ಹೆಂಗಸು, ಒಬ್ಬಳೇ ಹುಳ ಸಾಕುತ್ತಿದ್ದಾಳೆ. ಪೊರೆ ಬಿಡುವ ನಾಲ್ಕನೇ ಜ್ವರ ದಾಟಿದ ಹುಳ ಅವು, ತಿಂದಷ್ಟೂ ಬೇಕೆನ್ನುವ ಹೊತ್ತು. ಇನ್ನೆರಡು ದಿನ ಹೊಟ್ಟೆ ತುಂಬಿದರೆ ಹಣ್ಣಾಗಿ ಗೂಡು ಕಟ್ಟುತ್ತವೆ, ಇಲ್ಲದಿದ್ದರೆ ತಿಂಗಳ ದುಡಿಮೆ ಮಣ್ಣುಪಾಲು. ಗೋಡೆಯಾಚೆಯೇ ಮೈದುನ ಅಶ್ವತ್ಥಪ್ಪನ ಮನೆ, ಅವನ ತೋಟದ ತುಂಬ ಸೊಪ್ಪು. ಆದರೆ ಪಾಲಾದ ದಿನ ಆಕೆ ನೆಂಟರೆದುರು, ನನಗೆ ಯಾರ ಹಂಗೂ ಬೇಡ, ನನ್ನ ಕೈಲಾಗುತ್ತದೆ ಎಂದುಬಿಟ್ಟಿದ್ದಾಳೆ. ಈಗ ಯಾವ ಮುಖ ಹೊತ್ತು ಹೋಗುವುದು?

ಗಂಗುಲಪ್ಪ ಅವಳ ಜಗಲಿಯ ಮೇಲೆ ಹೊರೆ ಇಳಿಸುತ್ತಾನೆ. "ತಾಯಿ, ಸೊಪ್ಪು ಮಿಕ್ಕೋಯ್ತು..."

"ನಿನ್ನ ಮಿಕ್ಕಿದ ಸೊಪ್ಪು ಊರಿಗೆಲ್ಲ ಗೊತ್ತು ಗಂಗುಲಣ್ಣ," ಎನ್ನುತ್ತಾಳೆ ಆಕೆ, ಬಾಗಿಲಿಗೆ ಅಡ್ಡ ನಿಂತು. "ಹಿಂದಿನ ಬೀದಿ ಭಾರತಮ್ಮನಿಗೂ ಹಿಂಗೇ ಹೇಳಿ ಕೊಟ್ಟೆ. ನನ್ನನ್ನ ಆ ಸಾಲಿಗೆ ಸೇರಿಸ್ಬೇಡ. ತಗೊಂಡೋಗು."

ಇಂಥದ್ದು ಅವನಿಗೆ ಹೊಸದು. ಬೀದಿಗಿಳಿಯುತ್ತಾನೆ, ಸೈಕಲ್ ಹಿಡಿಯುತ್ತಾನೆ, ಮತ್ತೆ ವಾಪಸ್ ಬರುತ್ತಾನೆ. ಬಿಸಿಲು ಗೋಣಿತಾಟಿನ ಮೇಲೆ ಬಿದ್ದಾಗಿದೆ. ಸೋನೆ ಹಿಡಿದಂತೆ ಕೇಳಬೇಕಾದ ಹುಳ ಮೇಯುವ ಸದ್ದು ಒಳಗಿನಿಂದ ಬರುತ್ತಲೇ ಇಲ್ಲ. ಹಾಳಾದ್ದು, ಸುಳ್ಳೂ ಖರ್ಚಾಗಿಹೋಯಿತು. ಗಂಗುಲಪ್ಪ ಜಗಲಿಯ ತುದಿಗೆ ಕುಸಿದು ಕೂರುತ್ತಾನೆ.

"ಹಂಗಾದ್ರೆ ನಿಜಾನೇ ಹೇಳ್ತೀನಿ ತಾಯಿ. ನಿನ್ನೆ ಮಧ್ಯಾಹ್ನದಿಂದ ಉಂಡಿಲ್ಲ. ಮನೇಲಿ ಹಿಟ್ಟಿಲ್ಲ. ತಂಗಳು ಮುದ್ದೆ ಇದ್ರೆ ಹಾಕ್ತೀಯಾ?"

ಅಷ್ಟು ಮನೆಯ ಜಗಲಿ ಹತ್ತಿದವನ ಬಾಯಿಂದ ಈ ಮಾತು ಎಂದೂ ಬಂದದ್ದಲ್ಲ. ನಾಚಿಕೆಗೆ ತಲೆ ಎತ್ತುವುದಿಲ್ಲ. ಈ ಸಲ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಆದಿಲಕ್ಷ್ಮಮ್ಮ ಅವನನ್ನೇ ನೋಡುತ್ತಾಳೆ. ಒಳಗೆ ಹೋಗಿ ಮುದ್ದೆ, ಬಸ್ಸಾರು ತಂದಿಡುತ್ತಾಳೆ.

"ಕೇಳೋಕೆ ಇಷ್ಟೊತ್ತು ಬೇಕಾಯ್ತಾ ಗಂಗುಲಣ್ಣ?"

"ಹೊರೆಗಿಂತ ಭಾರ ಇತ್ತು ತಾಯಿ, ಆ ಮಾತು."

ಅವನು ಉಣ್ಣುತ್ತಿರುವಾಗಲೇ ಆಕೆ ಹೊರೆಯ ಗಂಟು ಬಿಚ್ಚಿ, ಸೊಪ್ಪನ್ನು ಮಡಿಲು ತುಂಬ ಹೊತ್ತು ಒಳಗೆ ಹೋಗುತ್ತಾಳೆ. ಕೊನೆಯ ತುತ್ತಿನ ಹೊತ್ತಿಗೆ ಒಳಗೆ ಹುಳ ಮೇಯುವ ಸೋನೆ ಹಿಡಿಯುತ್ತದೆ. ಗಂಗುಲಪ್ಪ ಕೈ ತೊಳೆದು ಸೈಕಲ್ ಹತ್ತುತ್ತಾನೆ. ನಾಲ್ಕು ಮಾರು ಹೋಗಿರಬೇಕು, ಹಿಂದಿನಿಂದ ಆದಿಲಕ್ಷ್ಮಮ್ಮನ ದನಿ. ಗೋಡೆಯಾಚೆಯ ಮೈದುನನ ಮನೆಗೂ ಕೇಳುವಷ್ಟು ಗಟ್ಟಿಯಾಗಿದೆ.

"ಗಂಗುಲಣ್ಣ, ನಾಳೆಗೂ ನನ್ನ ಹತ್ರ ಸೊಪ್ಪಿಲ್ಲ. ತಂದ್ಕೊಡ್ತೀಯಾ?"

"ತರ್ತೀನಿ ತಾಯಿ," ಎಂದವನು ಹಿಂತಿರುಗಿ ನೋಡುವುದಿಲ್ಲ. ಬೀದಿಯ ತಿರುವಿನಲ್ಲಿ ಸೈಕಲ್ ನಿಲ್ಲಿಸಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾನೆ. "ಇಷ್ಟು ವರ್ಷದಲ್ಲಿ ನನ್ನನ್ನ ಬಾಯ್ಬಿಟ್ಟು ಕೇಳಿದೋರು ಈಯಮ್ಮ ಒಬ್ರೇ ನೋಡಿ."